ಎರಡನೇ ಅಲೆಗೆ ಸಿಕ್ಕಿದ ಅಣ್ಣ

ನಾನು ಸೂರ್ಯನ ಕಣಗಳನ್ನು ಎಣಿಸುವ ಯಂತ್ರ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ ಇಂದುಮತಿ ಮೇಡಂ ನನ್ನನ್ನೂ ನನ್ನ ಅಣ್ಣನನ್ನೂ ಜೋಡಿಯಾಗಿ ಕಟ್ಟಿದರು. ಅಂಗೈಯಗಲದ ಲೋಹದ ಡಬ್ಬಿ, ಒಳಗೆ ತೆಳ್ಳನೆಯ ಸಿಲಿಕಾನ್ ಬಿಲ್ಲೆಗಳು. ಅಣ್ಣ ಉಪಗ್ರಹವೇರಿ ಹೋದ. ಅವನೊಡನೆ ಹೋಲಿಸಿ ನೋಡಲೆಂದು ನನ್ನನ್ನು ಮೇಡಂ ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು.

ಒಂದು ಬೆಳಿಗ್ಗೆ ಸೂರ್ಯನಲ್ಲಿ ಸ್ಫೋಟವಾಯಿತು. ಸ್ವಲ್ಪ ಹೊತ್ತಿನಲ್ಲೇ ಅತಿ ವೇಗದ ಕಣಗಳು, ಬಾಗಿದ ಕಾಂತರೇಖೆಗಳ ಸುತ್ತ ಸುರುಳಿ ಸುತ್ತುತ್ತಾ ಬಂದು ಅಣ್ಣನಿಗೆ ಬಡಿದವು. ಸಂಜೆಗೆ ಎಣಿಕೆ ಇಳಿಯಿತು. ಆದರೂ ಮೇಡಂ ಮುಖದ ಗಾಬರಿ ಇಳಿಯಲಿಲ್ಲ. ಮುಖ್ಯಸ್ಥ ರಘೋತ್ತಮರ ಕೋಣೆಗೆ ನನ್ನನ್ನೂ ಎತ್ತಿಕೊಂಡು ಓಡಿದರು.

"ಸರ್, ಉಪಗ್ರಹದಲ್ಲಿರೋದನ್ನ ಈಗ್ಲೇ ಆಫ್ ಮಾಡೋಣ. ಸೂರ್ಯನಿಂದ ಸಿಡಿದ ಮೋಡ ಇನ್ನೂ ದಾರೀಲಿದೆ. ಅದರ ಮುಂದಿರೋ ಆಘಾತದ ಅಲೆ ಕಣಗಳನ್ನ ಹಿಂದಕ್ಕೂ ಮುಂದಕ್ಕೂ ಬಡಿದು ಬಡಿದು ವೇಗ ಹೆಚ್ಚಿಸ್ತಾನೇ ಬರುತ್ತೆ. ನಾಳೆ ಉಪಗ್ರಹಕ್ಕೆ ಮುಟ್ಟುತ್ತೆ."

ರಘೋತ್ತಮರು ಬಜ್ಜಿ ತಿನ್ನುತ್ತಿದ್ದರು. ಎಣ್ಣೆಗೈಯಲ್ಲೇ ನನ್ನನ್ನೆತ್ತಿ, ಯಾರೂ ಮುಟ್ಟಬಾರದ ನನ್ನ ಬಿಲ್ಲೆಯ ಮೇಲೆ ಹೆಬ್ಬೆರಳು ಒತ್ತಿದರು. ಬಜ್ಜಿಯ ಎಣ್ಣೆ ಅಲ್ಲೇ ಅಂಟಿಕೊಂಡಿತು.

"ನಾಳೆ ಮಂತ್ರಿಗಳು ಬರ್ತಾರೆ ಕಣಮ್ಮ. ಪರದೆ ಮೇಲೆ ಎಣಿಕೆಯ ಗೆರೆ ಕುಣೀಬೇಕು."

ಮರುದಿನ ಗೆರೆ ಕುಣಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಇದ್ದಕ್ಕಿದ್ದಂತೆ ಗೆರೆ ಸಪಾಟಾಯಿತು. ಅಣ್ಣ ಸುಟ್ಟುಹೋಗಿದ್ದ. ಸೂರ್ಯನ ಕಣಗಳ ಬಿರುಗಾಳಿ ನಿಂತಿತೆಂದುಕೊಂಡು ಅವರು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ರಘೋತ್ತಮರೂ ತಟ್ಟಿದರು!

ವಿಚಾರಣೆಯಲ್ಲಿ ಅವರು ನನ್ನನ್ನು ತೋರಿಸಿ, "ಕಟ್ಟಿದವರದೇ ಲೋಪ" ಎಂದರು. ಮೇಡಂ ಜಗಳವಾಡಲಿಲ್ಲ. ನನ್ನ ವಿದ್ಯುತ್ ಆರಿಸಿ, ಕಣಗಳನ್ನು ವೇಗವಾಗಿ ಚಿಮ್ಮಿಸುವ ಯಂತ್ರದೆದುರು ಇಟ್ಟು, ಅಣ್ಣ ತಿಂದಷ್ಟೇ ಹೊಡೆತ ತಿನ್ನಿಸಿದರು. ನಾನು ಬದುಕಿ ಬಂದೆ. ಆರಿಸಿದ್ದರೆ ಅಣ್ಣನೂ ಉಳಿಯುತ್ತಿದ್ದ. ವಿಚಾರಣೆಯವರು ತಲೆದೂಗಿ, ಪ್ರಕೃತಿ ವಿಕೋಪ ಎಂದು ಎದ್ದುಹೋದರು.

"ಆಗಿದ್ದಾಯ್ತು, ಮುಂದಿನ ಉಪಗ್ರಹಕ್ಕೂ ನೀವೇ ಮಾಡಿಕೊಡಿ" ಎಂದು ರಘೋತ್ತಮರು ನಗುತ್ತಾ ಕೈ ಚಾಚಿದರು.

ಮೇಡಂ ಆ ಕೈ ನೋಡಿದರು. "ನಿಮ್ ಜೊತೆ ಇಷ್ಟು ವರ್ಷ ಒಂದೇ ಟೇಬಲ್ಲಲ್ಲಿ ಊಟ ಮಾಡಿದ್ನಲ್ಲ, ಅದಕ್ಕೇ ಹೇಸಿಗೆ ಆಗ್ತಿದೆ ಸರ್" ಎಂದು ಹೇಳಿ ಹೊರಟೇಹೋದರು.

ಈಗ ನಾನು ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಬಂದವರಿಗೆಲ್ಲ ರಘೋತ್ತಮರು, "ಇದು ನನ್ನ ಕನಸಿನ ಕೂಸು" ಎನ್ನುತ್ತಾರೆ. ಕೋಟಿ ಕೋಟಿ ಮೈಲಿ ದಾಟಿ ಬಂದ ಕಣಗಳು ಅಣ್ಣನನ್ನು ಕೊಂದವು, ನಿಜ. ಆದರೆ ಅವು ಅವನನ್ನು ತಮ್ಮವನೆಂದು ಹೇಳಿಕೊಳ್ಳಲಿಲ್ಲ.