ಕೆಂಪು ಮುಚ್ಚಳ

ಕೆರೆಯ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರನ್ನು ಪದರ ಪದರವಾಗಿ ಕತ್ತರಿಸುವುದು ನಾದಿನಿಯ ಕೆಲಸ. ಅದನ್ನು ನೋಡಿ ಹಳೆಯ ಕಾಲದ ಮಳೆ-ಬರದ ಬಗ್ಗೆ ಭಾಷಣ ಬಿಗಿಯುವುದು ಭಾವನ ಕೆಲಸ. ಕೊಳವೆಯ ಮೇಲ್ತುದಿಗೆ, ಅಂದರೆ ಹೊಸ ಕೆಸರಿರುವ ಕಡೆಗೆ, ಗುರುತಿಗೆಂದು ಹಾಕಬೇಕಾದ ಕೆಂಪು ಮುಚ್ಚಳವನ್ನು ಈ ಸಲ ಆ ಮಹಾನುಭಾವನೇ, ಫೋಟೊಗೆ ಹಲ್ಲು ಕಿರಿಯುತ್ತಾ, ಕೆಳತುದಿಗೆ ಹಾಕಿದ್ದ. ತಳದ ಪದರ ಎಂಟು ಸಾವಿರ ವರ್ಷ ಹಳೆಯದೆಂದು ಪತ್ರಿಕೆಯವರ ಮುಂದೆ ಕೊಚ್ಚಿಕೊಂಡೂ ಆಗಿತ್ತು. ಅವಳು ಅದನ್ನು ಕತ್ತರಿಸಿದರೆ ಶಾಂಪೂ ಪ್ಯಾಕೆಟ್ ಹೊರಬಿತ್ತು.

"ಭಾವ, ಮುಚ್ಚಳ ತಿರುಗಾಮುರುಗಾ ಹಾಕಿದೀರ."

"ನಿಂಗೇನ್ ಗೊತ್ತಾಗುತ್ತೆ? ಅದ್ಯಾವುದೋ ಕಸ. ಎಸಿ ಆಚೆ."

ಅವಳು ಎಸೆಯಲಿಲ್ಲ. ಪ್ಯಾಕೆಟ್ಟನ್ನು ತೊಳೆದು, ಒರೆಸಿ, ಬಂದವರಿಗೆಲ್ಲ ಕಾಣುವಂತೆ ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿಟ್ಟು ಚೀಟಿ ಅಂಟಿಸಿದಳು: "ಎಂಟು ಸಾವಿರ ವರ್ಷ ಹಿಂದಿನ ಶಾಂಪೂ. ಕಂಡುಹಿಡಿದವರು: ನಮ್ಮ ಭಾವ."