ನೀರು ಹೊರುವ ಹಾವು

ತಲೆಯಲ್ಲಿ ತುಂಬುವ ನೀರನ್ನು ಹೊಟ್ಟೆಗೆ ಇಳಿಸಲು ಡಾಕ್ಟರರು ವಿಜೇತನ ಚರ್ಮದಡಿಯಲ್ಲಿ ಟ್ಯೂಬು ಇಟ್ಟಿದ್ದರು. ಅದು ನೀರು ಹೊರುವ ಹಾವಿನ ಮರಿಯೆಂದು ಅಪ್ಪಿಯಜ್ಜಿ ಅವನಿಗೆ ಕಥೆ ಹೇಳಿದ್ದಳು.

ಆ ದಿನ ಮನೆಯಲ್ಲಿ ಎಲ್ಲರಿಗೂ ಜ್ವರ. "ಇವನಿಗೂ ಅದೇ ಮಾರಾಯ್ತಿ, ನಾಳೆ ಬಿಡ್ತದೆ," ಎಂದಳು ಅಜ್ಜಿ, ಸೊಸೆ ಸುಪ್ರೀತಾಳಿಗೆ.

"ಅಮ್ಮಾ, ನನ್ನ ಹಾವು ಉರೀತದೆ," ಎಂದ ವಿಜೇತ.

ಸುಪ್ರೀತಾ ಮಗನ ಅಂಗಿ ಸರಿಸಿದಳು. ಕಿವಿಯ ಹಿಂದಿನಿಂದ ಎದೆಯವರೆಗೆ ಟ್ಯೂಬಿನ ದಾರಿಯುದ್ದಕ್ಕೂ ಚರ್ಮ ಕೆಂಪಗೆ ಬಾತಿತ್ತು. ಕೀವಾದರೆ ಮಿದುಳಿಗೇ ಏರೀತೆಂದು ಡಾಕ್ಟರರು ಎಚ್ಚರಿಸಿದ್ದರು.

"ಅತ್ತೆ, ಈಗಲೇ ಮಂಗಳೂರಿಗೆ ಹೋಗ್ಬೇಕು."

"ಹರತಾಳ ಅಲ್ವಾ? ದೇಲಂಪಾಡಿಯಲ್ಲಿ ಒಂದು ರಿಕ್ಷಾ ಸಹ ಇಲ್ಲ."

"ಹರತಾಳ ಕೇರಳಕ್ಕೆ. ಗಡಿ ದಾಟಿದ್ರೆ ಕರ್ನಾಟಕದ ಬಸ್ಸುಂಟು."

ಅವಳು ಮಗನನ್ನು ಎತ್ತಿಕೊಂಡು ಕಾಡಂಚಿನ ಕಾಲುದಾರಿ ಹಿಡಿದಳು. ಅಜ್ಜಿ ಜ್ವರದ ಮೈಯಲ್ಲೇ ಕೊಡೆ ಹಿಡಿದು ಬೆನ್ನಿಗೆ ಬಂದಳು. ಆಚೆ ಬಸ್ಸಿನ ಹಾರ್ನ್ ಕೇಳಿದ್ದೇ ಇಬ್ಬರೂ ಓಡತೊಡಗಿದರು.