ಹಾಯಿಯ ಉಡಿ

ಚೀಲದ ಬಾಯಿ ಬಿಚ್ಚಿದಾಗ ಮೊದಲು ಹೊರಗೆ ಬಂದದ್ದು ಇಲಿ. ಅದು ಕೇತಕಿಯ ಪಾದದ ಮೇಲೆಯೇ ಹಾದು ಗೋಡೆಯ ಬಿರುಕಿನಲ್ಲಿ ಮಾಯವಾಯಿತು. ಅದರ ಹಿಂದೆಯೇ ಒಂದಿಷ್ಟು ಅಕ್ಕಿ ನೆಲಕ್ಕೆ ಸುರಿಯಿತು.

"ಹಾಯಿ ಚೀಲದಾಗ ಅಕ್ಕಿ ಯಾಕ ಬಂತು?" ಎಂದು ಕೇತಕಿ ಕೇಳಿದಳು. ದೋಣಿಯ ಮೇಲೆ ಹಗ್ಗ ಸುತ್ತುತ್ತಿದ್ದ ಪೂನಮ್ ಇಳಿದು ಬಂದಳು. ಇಬ್ಬರೂ ಸೇರಿ ಹಾಯಿಯ ಸುರುಳಿಯನ್ನು ಗೋದಾಮಿನ ಉದ್ದಕ್ಕೂ ಬಿಡಿಸಿದರು. ಇಲಿ ಕಡಿದದ್ದು ಒಂದೇ ಕಡೆ. ಆದರೆ ಸುತ್ತಿಟ್ಟ ಬಟ್ಟೆ, ಬಿಡಿಸಿದಷ್ಟೂ ಅದೇ ತೂತು ಮತ್ತೆ ಮತ್ತೆ ಕಾಣಿಸಿಕೊಂಡಿತು.

ನಾಳೆ ಲಾರಿ ಬರುವುದಿತ್ತು. ಗಲಗಲಿಯ ಹೊಳೆದಂಡೆಯ ಈ ಹಳೆಯ ಗೊಬ್ಬರದ ಗೋದಾಮಿನಿಂದ ದೋಣಿ ಕಾರವಾರಕ್ಕೆ, ಅಲ್ಲಿಂದ ಗಾಳಿಯನ್ನೇ ನಂಬಿ ಸಮುದ್ರ ದಾಟಿ ಮಸ್ಕತ್ತಿಗೆ. ವರ್ಷಗಟ್ಟಲೆ ಹಡಗುಗಳಲ್ಲಿ ದುಡಿದು ಜಮಖಂಡಿಗೆ ಮರಳಿದ ಕೇತಕಿಗೆ ಹಿಡಿದ ಹುಚ್ಚು ಇದು. ದೋಣಿ ಹೇಗೋ ಕಟ್ಟಿದಳು, ಜೊತೆಗೆ ಬರುವವರು ಮಾತ್ರ ಸಿಗಲೊಲ್ಲರು. ಬಂದವರಲ್ಲಿ ಒಬ್ಬ ಕೃಷ್ಣೆಯ ನಿಂತ ನೀರಿನಲ್ಲೇ ವಾಂತಿ ಮಾಡಿಕೊಂಡ. ಇನ್ನೊಬ್ಬ ಫೋಟೊ ತೆಗೆಸಿಕೊಂಡು ಹೋದವನು ತಿರುಗಿ ಬರಲಿಲ್ಲ. ಕೊನೆಗೆ ಸಿಕ್ಕವಳು ಕುರಿ ಕಾಯುವ ಲಗಮಣ್ಣನ ಮಗಳು ಪೂನಮ್. ನೀರಿಗೆ ಬಿದ್ದ ಮರಿಗಳ ಹಿಂದೆ ಈಜಿ ಬೆಳೆದ ಹುಡುಗಿ. ಜಾರದ ಗಂಟನ್ನು ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಹಾಕುವುದನ್ನು ಕೇತಕಿಗಿಂತ ಚೆನ್ನಾಗಿ ಕಲಿತಿದ್ದಳು.

ಲಗಮಣ್ಣನನ್ನು ಒಪ್ಪಿಸುವುದರಲ್ಲಿ ಕೇತಕಿಗೆ ಸಾಕುಸಾಕಾಗಿತ್ತು. "ಈ ಚಳಿಗಾಲ ಒಂದ್ಸಲ ಹೋಗಿ ಬರ್ಲಿ. ಉಗಾದಿ ಮುಂದ ಮದಿವಿ. ಮುಧೋಳದ ಬೀಗರಿಗೆ ಅಲ್ಲೀತನಕ ತಡೀರಿ ಅಂತ ಹೇಳೇನಿ. ಮುಂದ ಅವರು ಬಿಡಾಂಗಿಲ್ಲ" ಎಂದಿದ್ದ ಅವನು.

ಫೋನ್ ಮಾಡಿದ ಮೇಲೆ ಬನಹಟ್ಟಿಯಿಂದ ಶೇವಂತಿ ಟೆಂಪೊ ಹಿಡಿದು ಓಡಿ ಬಂದಳು. ಲಾರಿಗಳ ತಾಡಪತ್ರಿ ಹೊಲಿಯುವವಳು. ಈ ಹಾಯಿಯನ್ನು ಹೊಲಿದವಳೂ ಅವಳೇ.

"ಅಕ್ಕಿ ನೀನ ಹಾಕಿದ್ಯೇನು?" ಎಂದು ಕೇತಕಿ ಕೇಳಿದಳು.

"ಹೂನ್ರಿ, ಉಡಿ ಅಕ್ಕಿರಿ. ಒಣಕೊಬ್ಬರಿ, ಬೆಲ್ಲ, ಉತ್ತತ್ತಿ ಎಲ್ಲಾ ಇಟ್ಟಿದ್ನಿ. ಹೆಣ್ಮಕ್ಕಳು ದೂರ ಹೊಂಟೀರಿ, ಬರೇ ಚೀಲ ಹ್ಯಾಂಗ ಕೊಡ್ಲಿ? ಮನಿಮಗಳಿಗಿ ಉಡಿ ತುಂಬದ ಕಳಸತಾರೇನ್ರಿ?"

ಮಡಚಬೇಡ, ಸುತ್ತು, ಬಿಸಿಲಿಗೆ ಇಡಬೇಡ, ಇದೇ ದಾರದಲ್ಲಿ ಹೊಲಿ. ಕೇತಕಿ ಎಲ್ಲವನ್ನೂ ಹೇಳಿದ್ದಳು, ಶೇವಂತಿ ಎಲ್ಲವನ್ನೂ ಪಾಲಿಸಿದ್ದಳು. ಒಳಗೆ ಬೆಲ್ಲ ಇಡಬೇಡ ಎಂದು ಹೇಳಬೇಕೆಂದು ಯಾವ ನಾವಿಕನಿಗೆ ಹೊಳೆಯುತ್ತದೆ? ಕೇತಕಿಗೆ ಮೈಯೆಲ್ಲ ಉರಿಯಿತು. ಬಾಯಿತುಂಬ ಬೈಯಬೇಕೆಂದು ತಿರುಗಿದರೆ ಶೇವಂತಿಯ ಕಣ್ಣಲ್ಲಿ ಆಗಲೇ ನೀರು. ಬೈಯುವುದಕ್ಕೂ ದಾರಿ ಇಲ್ಲದಂತಾಯಿತು.

"ತ್ಯಾಪಿ ಹಚ್ಚತೇನ್ರಿ. ನಿದ್ದಿ ಬಿಟ್ಟು ಕುಂತ ಹಚ್ಚತೇನಿ."

"ತಾಡಪತ್ರಿ ಹರದ್ರ ಸಕ್ರಿ ತೊಯ್ತದ, ಶೇವಂತಿ. ಇದು ಹರದ್ರ ನಾವಿಬ್ಬರೂ ನಡುಸಮುದ್ರದಾಗ."

ಹೊಸ ಹಾಯಿಗೆ ಬಟ್ಟೆ ಹೊರದೇಶದಿಂದ ಬರಬೇಕು. ಬರುವಷ್ಟರಲ್ಲಿ ಶಿವರಾತ್ರಿ ಕಳೆದು ಗಾಳಿ ಎದುರಾಗಿರುತ್ತದೆ. ಇದು ಪೂನಮ್‌ಗೂ ಗೊತ್ತಿತ್ತು.

"ತ್ಯಾಪಿ ಹಾಕ್ಕೊಂಡ ಹೋಗೂಣ್ರಿ ಅಕ್ಕಾರ. ನಾ ಅಂಜಾಂಗಿಲ್ಲ."

"ನಾ ಅಂಜತೇನಿ" ಎಂದಳು ಕೇತಕಿ.

ಪೂನಮ್ ದೋಣಿ ಹತ್ತಿ, ಸುತ್ತಿಟ್ಟಿದ್ದ ಹಗ್ಗಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.

ಸಂಜೆ ಲಗಮಣ್ಣ ಬೈಕಿನ ಮೇಲೆ ಬಂದ. ದೋಣಿಗೆ ಹಚ್ಚಲು ಬೀರೇಶ್ವರನ ಭಂಡಾರ, ಗುಡಿಯ ಅರಿಶಿನಪುಡಿ, ತಂದಿದ್ದ. ಮಗಳಿಗೆಂದು ಹೊಸ ಕಂಬಳಿಯೊಂದನ್ನು ಹಿಂದಿನ ಸೀಟಿಗೆ ಕಟ್ಟಿದ್ದ. ಕೇತಕಿ ಹೇಳಿದ್ದನ್ನೆಲ್ಲ ಕೇಳಿ, ಹಾಯಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತೂತೊಂದರಲ್ಲಿ ಬೆರಳು ತೂರಿಸಿ ನೋಡಿದ.

"ಹಂಗಾರ ಬೀಗರಿಗೆ ಫೋನ್ ಮಾಡ್ಲ್ಯಾ?" ಎಂದ ಮೆಲ್ಲಗೆ.

ಅವನ ದನಿಯಲ್ಲಿ ಸಂತೋಷ ಇದ್ದಿದ್ದರೆ ಕೇತಕಿ ಜಗಳವಾಡುತ್ತಿದ್ದಳು. ಅದು ಇರಲಿಲ್ಲ. ತಂದ ಭಂಡಾರವನ್ನು ಹಿಂದಕ್ಕೆ ಒಯ್ಯಲಾರದೆ ಅವನು ದೋಣಿಯ ಮೂಗಿಗೆ ಒಂದಿಷ್ಟು ಹಚ್ಚಿ ಹೊರಗೆ ಹೋಗಿ ನಿಂತ.

ಕೇತಕಿ ಕಸಬರಿಗೆ ಎತ್ತಿಕೊಂಡಳು. ಶೇವಂತಿ ಅವಳ ಕೈ ಹಿಡಿದಳು. "ಉಡಿ ಅಕ್ಕಿರಿ. ಕಸಬರಿಗಿ ಹಚ್ಚಬ್ಯಾಡ್ರಿ." ನೆಲದ ಮೇಲೆ ಕುಳಿತು, ಇಲಿ ಮುಟ್ಟದ ಕಾಳುಗಳನ್ನು ಒಂದೊಂದಾಗಿ ಆರಿಸಿ, ಬೊಗಸೆಯಲ್ಲಿ ತುಂಬಿಕೊಂಡು ಎದ್ದಳು. ಪೂನಮ್ ಬೆಳಗಿನಿಂದ ಹುರುಪಿಗೆ ತೊಟ್ಟೇ ಇದ್ದ ಲೈಫ್ ಜಾಕೆಟ್ ಕಳಚಿ ಗೂಟಕ್ಕೆ ಹಾಕಿ, ಯಾರೂ ಹೇಳದೆಯೇ ವೇಲಿನ ಚುಂಗನ್ನು ಒಡ್ಡಿದಳು. ಅಕ್ಕಿ ಬಿತ್ತು.

ಹೊರಗೆ ಬೈಕು ಶುರುವಾಯಿತು. ಪೂನಮ್ ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಆ ಚುಂಗಿಗೆ ಗಂಟು ಹಾಕಿದಳು.